ಸಂತೆಯಲ್ಲಿ ಬಿಪಿ ನೋಡಿದ ಅಕ್ಕನಿಗೆ

ತೀರ್ಥಹಳ್ಳಿ ಸಂತೆ ಪಕ್ಕ ಕುರ್ಚಿ ಹಾಕಿಕೊಂಡು ಬಿಪಿ ನೋಡುತ್ತಿದ್ದ ಅಕ್ಕ, ನಿಮ್ಮ ಹೆಸರು ನಮಗೆ ಗೊತ್ತಿಲ್ಲ. ನೋಡಿದ್ದಕ್ಕಿಂತ ನೀವು ನೋಡಿದ ಕ್ರಮಕ್ಕೆ ಈ ಧನ್ಯವಾದ.

ಬಂದವರನ್ನು ಮೊದಲು 5 ನಿಮಿಷ ಸುಮ್ಮನೆ ಕೂರಿಸಿದಿರಿ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಮಾತಿಲ್ಲ. ಬಾಯಲ್ಲಿ ಹೊಗೆಸೊಪ್ಪು ಹಾಕಿದ ಎಲೆಯಡಿಕೆ ಕವಳ ಇದ್ದವರಿಗೆ, ಉಗಿದು ಅರ್ಧ ಗಂಟೆ ಬಿಟ್ಟು ಬನ್ನಿ ಎಂದಿರಿ; ಹೊಗೆಸೊಪ್ಪು, ಕಾಫಿ ಎರಡೂ ಒತ್ತಡವನ್ನು ಸ್ವಲ್ಪ ಹೊತ್ತು ಏರಿಸುತ್ತವೆ. ಸ್ವೆಟರ್ ಮೇಲೆ ಪಟ್ಟಿ ಸುತ್ತಲಿಲ್ಲ, ತೋಳನ್ನೇ ಹೊರಗೆ ತೆಗೆಸಿದಿರಿ. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲೆ; ತೋಳು ಎದೆಮಟ್ಟಕ್ಕೆ ಬರಲು ಕೆಳಗೊಂದು ಮಡಚಿದ ಗೋಣಿಚೀಲ. ಕೈ ಜೋತುಬಿದ್ದರೆ ಅಂಕಿ 10ರಷ್ಟು ಹೆಚ್ಚು ತೋರಬಹುದು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೂ ಇದೇ ಎಡವಟ್ಟು. ನಿಮ್ಮ ಹತ್ತಿರ ದೊಡ್ಡ ಪಟ್ಟಿಯೂ ಇತ್ತು. ಎಲ್ಲ ಶಿಬಿರಗಳಲ್ಲೂ ಅದು ಕಾಣುವುದಿಲ್ಲ.

ಒಂದು ನಿಮಿಷ ಬಿಟ್ಟು ಮತ್ತೆ ನೋಡಿ, ಎರಡೂ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಟ್ಟಿರಿ. 140/90 ದಾಟಿದವರನ್ನು ಹೆದರಿಸದೆ, ಇನ್ನೊಂದು ದಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ ಎಂದಿರಿ. 180/120 ದಾಟಿ ಎದೆನೋವೋ, ಮಾತು ತೊದಲುವುದೋ, ಕೈಕಾಲು ಸೋಲುವುದೋ ಇದ್ದರೆ ಕಾಯದೆ 108ಕ್ಕೆ ಕರೆ.

‘ತಲೆನೋವಿಲ್ಲ, ತಲೆ ತಿರುಗಲ್ಲ, ನಂಗೆಂಥ ಬಿಪಿ ಮಾರಾಯ್ತಿ?’ ಅಂದವರಿಗೆ ನೀವು ಕೊಟ್ಟ ಉತ್ತರ ಸರಿ: ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ, ಮೂತ್ರಪಿಂಡ, ಹೃದಯ ಮಾತ್ರ ಒಳಗೊಳಗೇ ಹಾಳಾಗುತ್ತಿರುತ್ತವೆ. ದಿನಕ್ಕೆ ಉಪ್ಪು 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ. ಮಿಡಿ ಉಪ್ಪಿನಕಾಯಿಯದ್ದೂ ಅದರಲ್ಲೇ ಲೆಕ್ಕ ಎಂದಾಗ ಕೆಲವರ ಮುಖ ಸಪ್ಪಗಾಗಿದ್ದು ನಿಜ.