ನೆತ್ತಿಗೆ ಹತ್ತಿದ ಗುಟುಕು

ಹಾಸನ
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ನೋಡಿ ತುಂಬಾ ಖುಷಿಯಾಯಿತು. ಇಷ್ಟು ವರ್ಷ ವಾರ್ಡಿನಲ್ಲಿ ದುಡಿದು, ಮನೆ ಮಕ್ಕಳು ಎಲ್ಲ ನೋಡಿಕೊಂಡು, ಈಗ ಎಂ.ಎಸ್ಸಿ. ನರ್ಸಿಂಗ್ ಸೇರಿದ್ದೀಯ. ಅದೂ ಸ್ಟ್ರೋಕ್ ಮೇಲೇ ಥೀಸಿಸ್ ಮಾಡುತ್ತೇನೆ ಅಂತ ಹಟ ಹಿಡಿದಿದ್ದೀಯ. ಮೂಡಿಗೆರೆ ಕಡೆಯಿಂದ ಬರುವ ಲಕ್ವದ ಕೇಸುಗಳನ್ನು ಅಷ್ಟು ವರ್ಷ ನೋಡಿದವನು ನೀನು. ನಿನಗಿಂತ ಚೆನ್ನಾಗಿ ಇದನ್ನು ಯಾರು ಮಾಡುತ್ತಾರೆ?

ಆದರೆ ನೀನು ಕಳಿಸಿದ ಟಾಪಿಕ್ ಬೇಡ ಕಣೋ. ಫೋನಿನಲ್ಲಿ ಹೇಳಿದರೆ ಜಗಳವಾದೀತು ಅಂತ ಕೂತು ಬರೆಯುತ್ತಿದ್ದೇನೆ. ನಿನ್ನ ಹಾಗೆ ಟಾಪಿಕ್ ಹುಡುಕುತ್ತಿರುವ ಬೇರೆಯವರೂ ಇದ್ದಾರಲ್ಲ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

'ಸ್ಟ್ರೋಕ್ ರೋಗಿಗಳ ಆರೈಕೆ ಕುರಿತು ಸ್ಟಾಫ್ ನರ್ಸ್‌ಗಳ ಜ್ಞಾನದ ಮೇಲೆ ಬೋಧನಾ ಕಾರ್ಯಕ್ರಮದ ಪರಿಣಾಮ.' ಇದೇ ಅಲ್ವಾ ನಿನ್ನದು? ನನ್ನದೂ ಇದೇ ಆಗಿತ್ತು. ಅಕ್ಷರ ಆಚೆ ಈಚೆ ಇರಬಹುದು ಅಷ್ಟೆ. ಪ್ರಶ್ನೆಪತ್ರಿಕೆ ಕೊಟ್ಟು ಪ್ರೀ ಟೆಸ್ಟ್ ಮಾಡಿದೆ. ಚಾರ್ಟು, ಫ್ಲ್ಯಾಶ್ ಕಾರ್ಡು ಹಿಡಿದು ಒಂದು ಗಂಟೆ ಪಾಠ ಮಾಡಿದೆ. ಏಳನೇ ದಿನ ಅದೇ ಪ್ರಶ್ನೆಪತ್ರಿಕೆ ಕೊಟ್ಟು ಪೋಸ್ಟ್ ಟೆಸ್ಟ್ ಮಾಡಿದೆ. ಅಂಕ ಏರಿತು. ಏರಿದ್ದು ಆಕಸ್ಮಿಕವೋ ಅಲ್ಲವೋ ಅಂತ ನೋಡುವ ಲೆಕ್ಕ, ಪಿ ವ್ಯಾಲ್ಯೂ, ಅದೂ ಚೆನ್ನಾಗಿ ಬಂತು. ಗೈಡ್‌ಗೂ ಸಮಾಧಾನವಾಯಿತು. ಪ್ರಶ್ನೆ ನನ್ನದು, ಉತ್ತರ ಹೇಳಿಕೊಟ್ಟವನು ನಾನು, ವಾರ ಕಳೆದ ಮೇಲೆ ಅದನ್ನೇ ಕೇಳಿದವನೂ ನಾನು. ಅಂಕ ಏರದೆ ಇನ್ನೇನಾಗುತ್ತದೆ? ಆದರೆ ಆ ವಾರ್ಡಿನ ಮಂಚದ ಪಕ್ಕ ಏನಾದರೂ ಬದಲಾಯಿತಾ ಅನ್ನುವುದನ್ನು ನಾನು ನೋಡಲೇ ಇಲ್ಲ. ನೋಡಬೇಕು ಅಂತ ಹೊಳೆಯಲೂ ಇಲ್ಲ.

ಅದು ಹೊಳೆದ ರಾತ್ರಿಯ ಕಥೆ ನಿನಗೆ ಇದುವರೆಗೂ ಹೇಳಿಲ್ಲ.

ನಾನಾಗ ಈಗಿನ ಹಾಗೆ ನರ್ಸಿಂಗ್ ಪಾಠ ಹೇಳುವ ಟ್ಯೂಟರ್ ಆಗಿರಲಿಲ್ಲ. ಥೀಸಿಸ್ ಮುಗಿದು ಕೆಲವು ತಿಂಗಳಾಗಿತ್ತು. ಒಂದು ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಇದ್ದೆ. ಆಲೂರು ಕಡೆಯ ಹಳ್ಳಿಯಿಂದ ಒಬ್ಬ ಅಜ್ಜನನ್ನು ಕರೆತಂದರು. ಜೀವಮಾನವೆಲ್ಲ ಕಾಫಿ ತೋಟದಲ್ಲಿ ಕೆಲಸ ಮಾಡಿದ ದೇಹ. ಬಲಗೈ ಬಲಗಾಲು ಬಿದ್ದುಹೋಗಿತ್ತು, ಬಾಯಿ ಸೊಟ್ಟಗಾಗಿತ್ತು, ಮಾತು ನಿಂತಿತ್ತು. ಬೆಳಗ್ಗೆಯೇ ಆಗಿದ್ದಂತೆ. ಎಣ್ಣೆ ತಿಕ್ಕಿ, ನಾಟಿ ಔಷಧಿಯವರಿಗೆ ಹೇಳಿಕಳಿಸಿ, ಕಾದು ಕಾದು ಸಂಜೆಯಾಗಿತ್ತು. ರಕ್ತ ಹೆಪ್ಪುಗಟ್ಟಿ ಆದ ಸ್ಟ್ರೋಕ್‌ಗೆ ಆ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಅನ್ನುವುದು ನಿನಗೆ ಗೊತ್ತೇ ಇದೆ. ಆ ಹೊತ್ತು ಮೀರಿತ್ತು.

ಡ್ರಿಪ್ ಹಾಕಿದೆ. ಬಿಪಿ ನೋಡಿದೆ, ಶುಗರ್ ನೋಡಿದೆ, ಕೇಸ್ ಶೀಟಿನಲ್ಲಿ ಎಲ್ಲ ಬರೆದೆ. ಅಷ್ಟರಲ್ಲಿ ಆ ತುದಿಯ ಮಂಚದಲ್ಲಿ ಒಬ್ಬರಿಗೆ ಉಸಿರು ಹತ್ತಿಕೊಂಡಿತು, ಓಡಿದೆ. ವಾಪಸ್ ಬರುವ ಹೊತ್ತಿಗೆ ಅಜ್ಜಿ ಫ್ಲಾಸ್ಕಿನ ಮುಚ್ಚಳಕ್ಕೆ ಬಿಸಿನೀರು ಬಗ್ಗಿಸಿಕೊಂಡು, ಮಲಗಿದ್ದ ಅಜ್ಜನ ಬಾಯಿಗೆ ಚಮಚದಲ್ಲಿ ಬಿಡುತ್ತಿದ್ದರು. ಅರ್ಧ ನೀರು ಬಲಗಡೆ ಕಟವಾಯಿಯಿಂದ ಇಳಿದು ದಿಂಬು ನೆನೆದಿತ್ತು. ಅಜ್ಜ ಕೆಮ್ಮಿದರು. ಅಜ್ಜಿ ಚಮಚ ಬಿಟ್ಟು ಅವರ ನೆತ್ತಿಯ ಮೇಲೆ ಮೆಲ್ಲಗೆ ತಟ್ಟಿದರು.

"ನಿಧಾನ, ನಿಧಾನ. ನೆತ್ತಿಗೆ ಹತ್ತಿತು ನೋಡು. ಮಗ ನೆನೆಸಿಕೊಳ್ತಾವ್ನೆ."

ಮಗ ಬೆಂಗಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ.

ನಾನು ಚಮಚ ತೆಗೆದಿಟ್ಟೆ. ನೀರು ಕೊಡಬೇಡಿ ಅಜ್ಜಿ, ನುಂಗೋಕೆ ಆಗುತ್ತಾ ನೋಡಬೇಕು ಅಂದೆ. ಅವರು ನನ್ನನ್ನೇ ನೋಡಿದರು. "ನೀರೂ ಕೊಡಬೇಡ ಅಂತೀಯಲ್ಲಪ್ಪ," ಅಂದರು. ಮೂರನೇ ದಿನ ಜ್ವರ ಬಂತು, ಎದೆಯಲ್ಲಿ ಗೊರಗೊರ ಶುರುವಾಯಿತು, ನ್ಯುಮೋನಿಯಾ ಅಂದರು. ಒಂಬತ್ತನೇ ದಿನ ಅಜ್ಜ ಹೋದರು.

ಗೆಳೆಯಾ, ನನ್ನ ಥೀಸಿಸ್‌ನಲ್ಲಿ ಒಂದು ಪ್ರಶ್ನೆ ಇತ್ತು. ಸ್ಟ್ರೋಕ್ ಆದವರಿಗೆ ಬಾಯಿಗೆ ಏನಾದರೂ ಕೊಡುವ ಮೊದಲು ಏನು ಮಾಡಬೇಕು? ಉತ್ತರ, ನುಂಗುವ ಪರೀಕ್ಷೆ. ಪೋಸ್ಟ್ ಟೆಸ್ಟ್‌ನಲ್ಲಿ ಎಲ್ಲರೂ ಸರಿಯಾಗಿ ಟಿಕ್ ಹಾಕಿದ್ದರು. ಪ್ರಶ್ನೆ ಬರೆದ ನಾನೇ ಆ ರಾತ್ರಿ ಪರೀಕ್ಷೆ ಮಾಡಲಿಲ್ಲ. ಅಜ್ಜಿಗೆ ಒಂದು ಮಾತು ಮುಂಚೆ ಹೇಳಿರಲೂ ಇಲ್ಲ. ಗೊತ್ತಿಲ್ಲದೆ ಅಲ್ಲ. ಗೊತ್ತಿತ್ತು.

ಹೊಸದಾಗಿ ಸ್ಟ್ರೋಕ್ ಆದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ನುಂಗುವ ತೊಂದರೆ ಇರುತ್ತದೆ. ಕೈಕಾಲು ಬಿದ್ದದ್ದು ಎಲ್ಲರಿಗೂ ಕಾಣುತ್ತದೆ, ಗಂಟಲು ಸೋತದ್ದು ಕಾಣುವುದಿಲ್ಲ. ನೀರು ಅನ್ನನಾಳಕ್ಕೆ ಹೋಗುವ ಬದಲು ಶ್ವಾಸನಾಳಕ್ಕೆ ಇಳಿಯುತ್ತದೆ. ಕೆಮ್ಮು ಬಂದರೆ ಪುಣ್ಯ, ಗೊತ್ತಾದರೂ ಆಗುತ್ತದೆ. ಕೆಲವರಿಗೆ ಕೆಮ್ಮೇ ಬರುವುದಿಲ್ಲ, ಸದ್ದಿಲ್ಲದೆ ಇಳಿದುಬಿಡುತ್ತದೆ. ಇನ್ನು ನಮ್ಮ ಜನರಿಗೆ ನೀರು ಅಂದರೆ ಬರೀ ನೀರಲ್ಲವಲ್ಲ. ಹೋಗುವ ಜೀವಕ್ಕೂ ಬಾಯಿಗೆ ನೀರು ಬಿಡುತ್ತೇವೆ. ಮಲಗಿದವರ ಬಾಯಿ ಒಣಗಿದ್ದು ನೋಡಿ ಸುಮ್ನೆ ಕೂರುವ ಹೆಂಡತಿ, ಮಗಳು ಯಾರಿದ್ದಾರೆ ಹೇಳು? ಅಜ್ಜಿ ತಪ್ಪು ಮಾಡಲಿಲ್ಲ. ಪ್ರೀತಿ ಇದ್ದವರು ಮಾಡುವುದನ್ನೇ ಮಾಡಿದರು. ಅವರ ಚಮಚಕ್ಕಿಂತ ಮೊದಲು ನುಂಗುವ ಪರೀಕ್ಷೆಯ ನಮ್ಮ ಚಮಚ ಬರಬೇಕಿತ್ತು.

ಆಮೇಲೆ ನಾನು ಹುಡುಕಿ ಓದಿದ್ದು ಆಸ್ಟ್ರೇಲಿಯಾದ ಒಂದು ಸಂಶೋಧನೆ. ಸ್ಯಾಂಡಿ ಮಿಡಲ್ಟನ್ ಅನ್ನುವ ನರ್ಸಿಂಗ್ ಪ್ರೊಫೆಸರ್ ಮುಂದೆ ನಿಂತು ನಡೆಸಿದ್ದು. 2011ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನ್ಯೂ ಸೌತ್ ವೇಲ್ಸ್‌ನ 19 ಸ್ಟ್ರೋಕ್ ಯೂನಿಟ್‌ಗಳಲ್ಲಿ ಮಾಡಿದ್ದು. ಹೊಸ ಮಾತ್ರೆಯಲ್ಲ, ಹೊಸ ಮೆಷಿನ್ ಅಲ್ಲ. ಜ್ವರ, ಸಕ್ಕರೆ, ನುಂಗುವುದು, ಈ ಮೂರನ್ನೇ ಮೊದಲ ಮೂರು ದಿನ ಬಿಡದೆ ನೋಡಿಕೊಳ್ಳುವುದು. ಜ್ವರ 37.5 ಡಿಗ್ರಿ ಮುಟ್ಟಿದರೆ, ಅಂದರೆ ನಮ್ಮ ಥರ್ಮಾಮೀಟರಿನ 99.5, ಕಾಯದೆ ಪ್ಯಾರಾಸಿಟಮಾಲ್. ಸಕ್ಕರೆ ಏರಿದರೆ ಅದಕ್ಕೆ ತಕ್ಕ ಚಿಕಿತ್ಸೆ. ದಾಖಲಾದ 24 ಗಂಟೆಯೊಳಗೆ ನುಂಗುವ ಪರೀಕ್ಷೆ. ಮೂರೂ ನರ್ಸ್‌ಗಳ ಕೈಯ ಕೆಲಸ.

ಮೂರು ತಿಂಗಳ ನಂತರ ಲೆಕ್ಕ ಹಾಕಿದರು. ಹಳೆಯ ರೀತಿಯಲ್ಲೇ ನಡೆದ ಯೂನಿಟ್‌ಗಳಲ್ಲಿ ನೂರಕ್ಕೆ 58 ಜನ ತೀರಿಕೊಂಡಿದ್ದರು ಅಥವಾ ಇನ್ನೊಬ್ಬರ ಆಸರೆಯಲ್ಲಿದ್ದರು. ಈ ಮೂರು ಕೆಲಸ ತಂದ ಯೂನಿಟ್‌ಗಳಲ್ಲಿ 42. ನಾನು ಆ ಸಂಖ್ಯೆಯನ್ನು ಎರಡೆರಡು ಸಲ ಓದಿದೆ. ನಾವು ಚಿಲ್ಲರೆ ಕೆಲಸ ಅಂದುಕೊಂಡ, ಜ್ವರ, ನಾಡಿ, ಉಸಿರು ಬರೆಯುವ ಟಿಪಿಆರ್ ಚಾರ್ಟಿನಲ್ಲಿ ಇಷ್ಟು ಜೀವ ಇದೆಯಾ ಅನ್ನಿಸಿತು.

ಆದರೆ ನಿನಗೆ ಹೇಳಬೇಕಾದ ಮುಖ್ಯ ಸಂಖ್ಯೆ ಬೇರೆ ಇದೆ. ಅಷ್ಟು ಅನುಕೂಲ ಇರುವ ಆ ದೇಶದಲ್ಲೇ, ಹಳೆಯ ರೀತಿಯ ಯೂನಿಟ್‌ಗಳಲ್ಲಿ ಹೊತ್ತಿಗೆ ಸರಿಯಾಗಿ ನುಂಗುವ ಪರೀಕ್ಷೆ ಆದದ್ದು ನೂರಕ್ಕೆ ಬರೀ 7 ಜನಕ್ಕೆ. ಹೊಸ ಕ್ರಮ ತಂದ ಕಡೆ 46. ಅವರು ಬರೀ ಪಾಠ ಮಾಡಿ ಅಲ್ಲಿಗೆ ಬಿಡಲಿಲ್ಲ. ಯೂನಿಟ್‌ನವರನ್ನು ಕೂರಿಸಿ, ನಿಮ್ಮ ವಾರ್ಡಿನಲ್ಲಿ ಇದು ಯಾಕೆ ಆಗುತ್ತಿಲ್ಲ, ಏನು ಅಡ್ಡ ಬರುತ್ತಿದೆ ಅಂತ ಕೇಳಿದರು. ಅದಕ್ಕೆ ಅವರವರ ದಾರಿ ಹುಡುಕಿಸಿದರು, ಆಗಾಗ ನೆನಪು ಮಾಡಿದರು. ನಾನು ನನ್ನ ಥೀಸಿಸ್‌ನಲ್ಲಿ 'ಯಾಕೆ ಆಗುತ್ತಿಲ್ಲ' ಅಂತ ಯಾರನ್ನೂ ಕೇಳಲೇ ಇಲ್ಲ.

ನಮ್ಮ ದೇಶದ್ದೂ ಒಂದು ಹೇಳುತ್ತೇನೆ. ಭಾರತದ 14 ಆಸ್ಪತ್ರೆಗಳಲ್ಲಿ, 1,250 ಸ್ಟ್ರೋಕ್ ರೋಗಿಗಳ ಮೇಲೆ ಅಟೆಂಡ್ ಅನ್ನುವ ಅಧ್ಯಯನ ಆಯಿತು. ಮನೆಯವರಿಗೇ ವ್ಯಾಯಾಮ, ಆರೈಕೆ ಕಲಿಸಿ ಕಳಿಸಿದರೆ ರೋಗಿ ಬೇಗ ಸುಧಾರಿಸುತ್ತಾರಾ ಅನ್ನುವುದು ಪ್ರಶ್ನೆ. ಸುಧಾರಿಸುತ್ತಾರೆ ಅಂತ ನಾವೆಲ್ಲ ಕಣ್ಣುಮುಚ್ಚಿ ಹೇಳುತ್ತಿದ್ದೆವು. 2017ರಲ್ಲಿ ಫಲಿತಾಂಶ ಬಂತು. ಆರು ತಿಂಗಳ ನಂತರ ತೀರಿಕೊಂಡವರು ಅಥವಾ ಅವಲಂಬಿತರಾಗಿ ಉಳಿದವರು ಎರಡೂ ಗುಂಪಿನಲ್ಲಿ ನೂರಕ್ಕೆ 47. ವ್ಯತ್ಯಾಸವೇ ಇಲ್ಲ. ಅದನ್ನು ಮುಚ್ಚಿಡದೆ ಹಾಗೇ ಪ್ರಕಟಿಸಿದರು. ಮನೆಯವರಿಗೆ ಕಲಿಸಬಾರದು ಅಂತ ಇದರ ಅರ್ಥ ಅಲ್ಲ. ಕಲಿಸಿದ ಮಾತ್ರಕ್ಕೆ ಕೆಲಸ ಆಯಿತು ಅಂತ ನಂಬಿಕೊಂಡು ಕೂರಬಾರದು. ನನಗೆ ಈ ಅಧ್ಯಯನದ ಮೇಲೆ ದೊಡ್ಡ ಗೌರವ.

ಈಗ ನಿನ್ನ ಟಾಪಿಕ್‌ಗೆ ಬರುತ್ತೇನೆ. ನೀನು ಜ್ಞಾನ ಅಳೆಯಬೇಡ, ಚಮಚ ಎಣಿಸು.

ಮೊದಲು ಎಥಿಕಲ್ ಕಮಿಟಿ ಒಪ್ಪಿಗೆ ತಗೊಂಡು ಎರಡು ತಿಂಗಳು ಕೇಸ್ ಶೀಟ್ ನೋಡು. ಎಷ್ಟು ಸ್ಟ್ರೋಕ್ ರೋಗಿಗಳಿಗೆ ಮೊದಲ ಗುಟುಕಿನ ಮುಂಚೆ ನುಂಗುವ ಪರೀಕ್ಷೆ ಆಗಿದೆ? ನೀರು ಮಾತ್ರ ಅಲ್ಲ, ಮಾತ್ರೆಯನ್ನೂ ಲೆಕ್ಕಕ್ಕೆ ತಗೋ. ಆಸ್ಪಿರಿನ್ ಮಾತ್ರೆಯನ್ನು ನೀರಿನ ಜೊತೆ ನಾವೇ ಬಾಯಿಗೆ ಹಾಕಿಬಿಟ್ಟಿರುತ್ತೇವೆ. ಮೊದಲ ಗುಟುಕು ಕೊಟ್ಟವರು ಯಾರು, ಎಷ್ಟು ಹೊತ್ತಿಗೆ, ರೋಗಿ ಕೂತಿದ್ದರಾ ಮಲಗಿದ್ದರಾ, ಬರೆದುಕೋ. ಆಮೇಲೆ ಸ್ಟಾಫ್ ಜೊತೆ ಟೀ ಕುಡಿಯುತ್ತಾ ಕೂತು ಕೇಳು. ಅವರು ಹೇಳುವುದನ್ನು ಹೇಳಿದ ಹಾಗೇ ಬರೆದುಕೋ. ರಾತ್ರಿ ಇಡೀ ವಾರ್ಡಿಗೆ ಇಬ್ಬರೇ ಅನ್ನಬಹುದು. ಅದು ಡಾಕ್ಟರ್ ಹೇಳಬೇಕಾದ್ದು ಅನ್ನಬಹುದು. ಚಮಚ ಲೋಟ ಎಲ್ಲಿದೆ ಸಾರ್ ಅನ್ನಬಹುದು. ಆ ಕೊನೆಯದು ಸಣ್ಣ ಮಾತಲ್ಲ. ರಾತ್ರಿ ಹನ್ನೊಂದಕ್ಕೆ ಲೋಟ ಹುಡುಕಬೇಕಾದರೆ ಪರೀಕ್ಷೆ ಆಗುವುದಿಲ್ಲ.

ಅವರ ಮಾತಿನಿಂದಲೇ ನಿನ್ನ ಉಪಾಯ ಹುಟ್ಟಲಿ. ಒಂದು ಟ್ರೇ, ಚಮಚ, ಲೋಟ, ಟಾರ್ಚು. ಮಂಚದ ತಲೆಗೆ ಕನ್ನಡದಲ್ಲಿ ದಪ್ಪ ಅಕ್ಷರದ ಬೋರ್ಡು: 'ನರ್ಸ್ ಹೇಳುವವರೆಗೆ ಬಾಯಿಗೆ ಏನೂ ಕೊಡಬೇಡಿ, ನೀರನ್ನೂ.' ಓದಲು ಬಾರದವರಿಗೆ ಲೋಟದ ಚಿತ್ರ, ಅದರ ಮೇಲೆ ಕೆಂಪು ಗೆರೆ. ಬಾಯಿ ಒಣಗದಂತೆ ಒದ್ದೆ ಹತ್ತಿಬಟ್ಟೆಯಲ್ಲಿ ತುಟಿ, ಬಾಯಿ ಒರೆಸುವುದನ್ನು ಮನೆಯವರಿಗೆ ತೋರಿಸಿಕೊಡು. ಬಟ್ಟೆ ಚೆನ್ನಾಗಿ ಹಿಂಡಿರಬೇಕು. ಪ್ರೀತಿ ತೋರಿಸುವ ಕೈಗೆ ಕೆಲಸ ಬೇಕು ಕಣೋ. ಬೇಡ ಅಂತಷ್ಟೇ ಹೇಳಿ ಹೋದರೆ, ನೀನು ಆಚೆ ತಿರುಗಿದ ಕೂಡಲೇ ಫ್ಲಾಸ್ಕ್ ತೆರೆಯುತ್ತದೆ. ಎರಡು ತಿಂಗಳು ಬಿಟ್ಟು ಮತ್ತೆ ಎಣಿಸು. ಯಾವ ನರ್ಸಿನ ಹೆಸರೂ ಎಲ್ಲೂ ಬರಬಾರದು. ಬೈಯುವುದಕ್ಕೆ ಎಣಿಸುತ್ತಿದ್ದೀಯ ಅಂತ ಅವರಿಗೆ ಅನ್ನಿಸಿದರೆ ಕೇಸ್ ಶೀಟಿನಲ್ಲಿ ಸುಳ್ಳು ಬರುತ್ತದೆ. ಏರದಿದ್ದರೆ ಏರಲಿಲ್ಲ ಅಂತಲೇ ಬರೆ.

ಪಾಠವನ್ನು ಬಿಡು ಅನ್ನುತ್ತಿಲ್ಲ. ನಾನೀಗ ಪಾಠವನ್ನೇ ಮಾಡುತ್ತಿರುವವನು. ಆದರೆ ಚಾರ್ಟ್ ಆಮೇಲೆ ತೆಗೆಯುತ್ತೇನೆ. ಮೊದಲು ಹುಡುಗ ಹುಡುಗಿಯರಿಗೆ ಬಾಯಿ ತೆರೆದಿಟ್ಟುಕೊಂಡು ಎಂಜಲು ನುಂಗಿ ನೋಡಿ ಅನ್ನುತ್ತೇನೆ. ನೀನೂ ಈಗಲೇ ಮಾಡಿ ನೋಡು. ಎಷ್ಟು ಕಷ್ಟ! ತುಟಿ ಮುಚ್ಚದ ರೋಗಿಯ ಪಾಡು ಅದು ಅಂದಾಗ ಕ್ಲಾಸು ತಣ್ಣಗಾಗುತ್ತದೆ. ಆಮೇಲೆ ಪಕ್ಕದವರ ಗಂಟಲ ಮೇಲೆ ಎರಡು ಬೆರಳಿಟ್ಟು, ನುಂಗುವಾಗ ಅದು ಮೇಲೆದ್ದು ಇಳಿಯುವುದನ್ನು ಮುಟ್ಟಿ ನೋಡುತ್ತಾರೆ. ರೋಗಿ ಎಚ್ಚರವಾಗಿದ್ದಾರಾ, ನೆಟ್ಟಗೆ ಕೂತಿದ್ದಾರಾ, ಕೇಳಿದಾಗ ಕೆಮ್ಮುತ್ತಾರಾ, ಬಾಯಿ ಸ್ವಚ್ಛವಾಗಿದೆಯಾ. ಆಮೇಲಷ್ಟೇ ಒಂದು ಟೀ ಚಮಚ ನೀರು. ಬೆರಳು ಗಂಟಲ ಮೇಲೆ, ಕಿವಿ ದನಿಯ ಮೇಲೆ. ಕುಡಿದ ಮೇಲೆ "ಆ" ಅನ್ನಿಸಬೇಕು. ದನಿ ಒದ್ದೆಯಾಗಿ ಗೊರಗುಟ್ಟಿದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು. ಸರಿಯಾಗಿದ್ದರೆ ಇನ್ನೊಂದೆರಡು ಚಮಚ, ಆಮೇಲೆ ಲೋಟ. ಐದೇ ನಿಮಿಷದ ಕೆಲಸ.

ಆ ಅಜ್ಜಿ ಮತ್ತೊಮ್ಮೆ ಸಿಕ್ಕಿದ್ದರು. ಏನೋ ಕಾಗದಕ್ಕೆ ಅಂತ ಮಗನ ಜೊತೆ ಆಸ್ಪತ್ರೆಗೆ ಬಂದಿದ್ದರು. ನನ್ನ ಗುರುತು ಹಿಡಿದರು. ಮಗ ಕ್ಯೂನಲ್ಲಿ ನಿಂತಿದ್ದಾಗ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು. "ಅವತ್ತು ನಾನು ಬಿಟ್ಟ ನೀರಿನಿಂದಲೇನಪ್ಪಾ ಅವರು ಹೋದದ್ದು?" ಅಷ್ಟು ತಿಂಗಳು ಅದನ್ನು ಎದೆಯಲ್ಲಿ ಇಟ್ಟುಕೊಂಡಿದ್ದರು. ಇಲ್ಲ ಅಜ್ಜಿ, ನಿಮ್ಮಿಂದ ಅಲ್ಲ ಅಂದೆ. ಅವರಿಂದ ಅಲ್ಲ ಅನ್ನುವುದಂತೂ ನಿಜ. ಉಳಿದದ್ದನ್ನು ಹೇಳುವ ಧೈರ್ಯ ನನಗೆ ಆಗಲಿಲ್ಲ, ಇವತ್ತು ನಿನಗೆ ಬರೆಯುತ್ತಿದ್ದೇನೆ.

ಮುಂದಿನ ಭಾನುವಾರ ನನಗೆ ರಜೆ. ಬೇಲೂರು ಬಸ್ ಹತ್ತಿ ಬೆಳಗ್ಗೆಯೇ ಹೊರಟು ಬಾ. ಥೀಸಿಸ್‌ನ ಸಿನಾಪ್ಸಿಸ್, ಅಂದರೆ ಸಾರಾಂಶದ ಡ್ರಾಫ್ಟ್ ತಾ, ಜೊತೆಗೆ ನಿಮ್ಮ ವಾರ್ಡಿನ ಕೇಸ್ ಶೀಟಿನ ಖಾಲಿ ಪ್ರತಿ ಒಂದು. ನುಂಗುವ ಪರೀಕ್ಷೆ ಬರೆಯಲು ಅದರಲ್ಲಿ ಒಂದು ಸಾಲಾದರೂ ಜಾಗ ಇದೆಯಾ ಅಂತ ಮೊದಲು ನೋಡೋಣ.

ನಿನ್ನ
ಹಳೇ ರೂಮ್‌ಮೇಟ್