ಬ್ರಷ್ ತೊಳೆಯುವ ಮುಂಚೆ ನೀರು ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ವಾರದ ಪುರವಣಿಯಲ್ಲಿ ಮೇಕಪ್ ಬ್ರಷ್‌ಗಳನ್ನು ಮನೆಯಲ್ಲೇ ತೊಳೆಯುವ ಬಗ್ಗೆ ಬಂದ ಬರಹ ಓದಿದೆ. ಇಂಥ ಸಣ್ಣ ವಿಷಯಕ್ಕೂ ಅರ್ಧ ಪುಟ ಕೊಟ್ಟಿರಲ್ಲ, ಖುಷಿಯಾಯಿತು. ನಾನು ವಿಜಯಪುರದ ಜಲನಗರದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಪಾರ್ಲರ್ ನಡೆಸುತ್ತೇನೆ. ಮದುವೆ ಸೀಸನ್ ಬಂತೆಂದರೆ ಮದುಮಗಳ ಮೇಕಪ್‌ಗೆ ಸಿಂದಗಿ, ಇಂಡಿ, ಬಸವನ ಬಾಗೇವಾಡಿ ತನಕ ಹೋಗುತ್ತೇನೆ. 19 ವರ್ಷದ ಕೆಲಸ ಇದು. ಮುಖಕ್ಕೆ ಬಣ್ಣ ಹಚ್ಚಿದ್ದಕ್ಕಿಂತ ಬ್ರಷ್ ತೊಳೆದದ್ದೇ ಜಾಸ್ತಿ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ.

ಬರಹದಲ್ಲಿ ಹೇಳಿದಂತೆ ವಾರಕ್ಕೊಮ್ಮೆ ತೊಳೆಯಬೇಕು ಎನ್ನುವುದು ಸರಿ. ಅಮೆರಿಕದ ಚರ್ಮರೋಗ ವೈದ್ಯರ ಅಕಾಡೆಮಿ ಕೂಡ 7ರಿಂದ 10 ದಿನಕ್ಕೊಮ್ಮೆ ತೊಳೆಯಿರಿ ಎನ್ನುತ್ತದೆ. ನನ್ನ ತಕರಾರು ಅದರ ಮುಂದಿನ ಸಾಲಿಗೆ. "ಸೋಪು ಹಚ್ಚಿ, ಬಿಸಿ ನೀರಿನಲ್ಲಿ ತೊಳೆದು, ಗ್ಲಾಸಿನಲ್ಲಿ ನಿಲ್ಲಿಸಿ ಬಿಸಿಲಿಗಿಡಿ" ಎಂದಿದ್ದೀರಿ. ಯಾವ ಊರಿನ ನೀರು ನೋಡಿ ಬರೆದರೋ ಗೊತ್ತಿಲ್ಲ. ನಮ್ಮ ಊರಿನ ನೀರಂತೂ ಅಲ್ಲ.

ನಮ್ಮಲ್ಲಿ ಎರಡು ನೀರು. ಒಂದು ನಳದ ನೀರು. ಕೊಲ್ಹಾರದ ಹತ್ತಿರ ಕೃಷ್ಣೆಯಿಂದ ಬರುತ್ತದೆ, ಇಲ್ಲವೇ ಭೂತನಾಳ ಕೆರೆಯದು. ಅದು ಬರುವ ದಿನ ಬಂದರೆ ಬಂತು. ಉಳಿದ ದಿನವೆಲ್ಲ ಬೋರಿನ ನೀರು. ಬೋರಿನ ನೀರಲ್ಲಿ ತೊಗರಿಬೇಳೆ ಬೇಯುವುದಿಲ್ಲ, ಕುಕ್ಕರ್ ಎಷ್ಟು ಸೀಟಿ ಹೊಡೆದರೂ ಕಾಳು ಕಾಳೇ. ಬಕೆಟ್ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಗೀಜರ್ ಕಾಯಿಲ್ ತೆಗೆದು ನೋಡಿದವರಿಗೆ ಅದರ ಮೇಲೆ ಎಷ್ಟು ಸುಣ್ಣ ಕೂತಿರುತ್ತದೆ ಅಂತ ಗೊತ್ತು. ಅದೇ ಸುಣ್ಣ ಬ್ರಷ್ ಕೂದಲಿನ ಮೇಲೂ ಕೂರುತ್ತದೆ, ಅಲ್ವಾ?

ಪಾರ್ಲರ್ ಶುರು ಮಾಡಿದ ಹೊಸದರಲ್ಲಿ ನನಗೂ ಇದು ಹೊಳೆದಿರಲಿಲ್ಲ. ಮೈಸೋಪನ್ನೇ ಉಜ್ಜಿ ಬೋರಿನ ನೀರಲ್ಲಿ ತೊಳೆಯುತ್ತಿದ್ದೆ. ಒಣಗಿದ ಮೇಲೆ ಬ್ರಷ್ ಪೊರಕೆ ಕಡ್ಡಿಯಾಗಿರುತ್ತಿತ್ತು. ಕೂದಲಿನ ಬುಡದಲ್ಲಿ ಬೂದಿ ಬಣ್ಣದ ಜಿಡ್ಡು. ತೊಳೆದದ್ದು ಸಾಲದೇನೋ ಎಂದು ಇನ್ನಷ್ಟು ಸೋಪು ಹಚ್ಚುತ್ತಿದ್ದೆ, ಜಿಡ್ಡು ಇನ್ನಷ್ಟು ಕೂರುತ್ತಿತ್ತು. ಇದು ಯಾಕೆ ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಮಗಳ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಕಲ್ಮಷವಾಗುತ್ತದಂತೆ. ನಾನು ಕೊಳೆ ಅಂತ ಉಜ್ಜುತ್ತಿದ್ದದ್ದು ಸೋಪನ್ನೇ! ಶಾಂಪೂವಿಗೆ ಈ ಕಾಟ ಇಲ್ಲ, ಗಡಸು ನೀರಲ್ಲೂ ನೊರೆ ಬರುತ್ತದೆ. ಅವತ್ತಿನಿಂದ ನಮ್ಮ ಬಚ್ಚಲಲ್ಲಿ ಒಂದು ಬೇಬಿ ಶಾಂಪೂ ಬಾಟಲಿ ಬ್ರಷ್‌ಗೆಂದೇ ಇದೆ. ಮನೆಯಲ್ಲಿ ಬೇಬಿ ಯಾರೂ ಇಲ್ಲ.

ಸೋಪಿನ ಇನ್ನೊಂದು ಅವಾಂತರ ಹೇಳಲೇಬೇಕು. ನಮ್ಮ ಕಡೆ ಮದುವೆಯ ಹಿಂದಿನ ದಿನ ಮದುಮಗಳಿಗೆ ಕೈತುಂಬ ಅರಿಷಿಣ ಹಚ್ಚುತ್ತಾರೆ. ಎಷ್ಟು ತೊಳೆದರೂ ಮರುದಿನ ಕಿವಿ ಹಿಂದೆ, ಕೂದಲಂಚಿನಲ್ಲಿ ಉಳಿದೇ ಇರುತ್ತದೆ. ನನ್ನ ಹತ್ತಿರ ಒಂದು ಬಿಳಿ ಆಡಿನ ಕೂದಲಿನ ಪೌಡರ್ ಬ್ರಷ್ ಇತ್ತು, ಆಗಿನ ಕಾಲಕ್ಕೆ ದುಬಾರಿಯದು. ಮದುವೆ ಮುಗಿಸಿ ಬಂದು ಅದಕ್ಕೆ ಸೋಪು ಹಚ್ಚಿದೆ. ಹಳದಿ ಇದ್ದದ್ದು ನೋಡನೋಡುತ್ತ ಕೆಂಪಾಯಿತು. ನಮ್ಮ ಅತ್ತೆ ಹಿಂದೆ ನಿಂತಿದ್ದರು. "ಏನವಾ ಇದು, ಯಾರಿಗರೆ ಗಾಯ ಮಾಡಿ ಬಂದಿಯೇನು?" ಎಂದು ಗಾಬರಿಯಾದರು. ಆಮೇಲೆ ಅವರೇ ನಕ್ಕರು. ಆರತಿ ನೀರು ಕೆಂಪಾಗುವುದು ಹೀಗೇ ತಾನೆ? ಅರಿಷಿಣಕ್ಕೆ ಸುಣ್ಣ ಬಿದ್ದರೆ ಕೆಂಪು, ಸೋಪು ಬಿದ್ದರೂ ಕೆಂಪು. ಎರಡೂ ಕ್ಷಾರ. ಶಾಂಪೂವಿನಿಂದ ತೊಳೆದರೆ ಕೆಂಪಾಗುವುದಿಲ್ಲ, ಆದರೆ ಹಳದಿ ಪೂರ್ತಿ ಹೋಗುವುದೂ ಇಲ್ಲ. ಅದಕ್ಕೆ ಮದ್ದು ಬಿಸಿಲು. ಅರಿಷಿಣದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಹಾಗಾಗಿ ಹಳದಿಯಾದ ಬ್ರಷ್‌ಗೆ ಮಾತ್ರ ಬೆಳಗಿನ ಎಳೆ ಬಿಸಿಲು ಅರ್ಧ ಗಂಟೆ ತೋರಿಸುತ್ತೇನೆ, ಎರಡು ಮೂರು ದಿನ. ಉಳಿದವಕ್ಕೆ ನೆರಳು. 40 ಡಿಗ್ರಿ ದಾಟುವ ನಮ್ಮ ಏಪ್ರಿಲ್ ಬಿಸಿಲಿಗೆ ಬ್ರಷ್ ಇಡಿ ಎನ್ನುವುದು ಕೂದಲನ್ನು ಹುರಿಯಿರಿ ಎಂದಂತೆ.

ಈಗ ನಾನು ಮಾಡುವುದು ಹೀಗೆ. ಕ್ರೀಮ್ ಫೌಂಡೇಶನ್ ಹತ್ತಿದ ಬ್ರಷ್‌ಗೆ ಮೊದಲು ಎರಡು ಹನಿ ಕೊಬ್ಬರಿ ಎಣ್ಣೆ. ಇದು ಯಾವ ವಿಡಿಯೊ ನೋಡಿ ಕಲಿತದ್ದಲ್ಲ. ನಮ್ಮ ಸೋದರಮಾವ ಜಾತ್ರೆಯ ನಾಟಕಗಳಿಗೆ ಬಣ್ಣ ಹಚ್ಚುತ್ತಿದ್ದರು. ಬೆಳಗಿನ ಜಾವ ನಾಟಕ ಮುಗಿದ ಮೇಲೆ ದುರ್ಯೋಧನನೂ ದ್ರೌಪದಿಯೂ ಒಂದೇ ಕಟ್ಟೆಯ ಮೇಲೆ ಕೂತು ಕೊಬ್ಬರಿ ಎಣ್ಣೆ ತಿಕ್ಕಿ ಬಣ್ಣ ಬಿಡಿಸಿಕೊಳ್ಳುತ್ತಿದ್ದರು. ಎಣ್ಣೆಯ ಬಣ್ಣವನ್ನು ಎಣ್ಣೆಯೇ ಬಿಡಿಸಬೇಕು. ಎಣ್ಣೆ ಹಚ್ಚಿ ಹಳೆ ಬನಿಯನ್ ಬಟ್ಟೆಗೆ ಒರೆಸಿದರೆ ಅರ್ಧ ಮೇಕಪ್ ಅಲ್ಲೇ ಹೋಗುತ್ತದೆ. ಆಮೇಲೆ ಉಗುರುಬೆಚ್ಚಗಿನ ನೀರು, ಅಂಗೈ ಮೇಲೆ ಒಂದು ಹನಿ ಶಾಂಪೂ. ಬ್ರಷ್ ತಲೆ ಕೆಳಗೆ ಮಾಡಿ ಅಂಗೈ ಮೇಲೆ ಸುಮ್ನೆ ಗುಂಡಗೆ ತಿರುಗಿಸುವುದು, ಅಷ್ಟೇ. ಪಾತ್ರೆ ತಿಕ್ಕುವ ಹಾಗೆ ತಿಕ್ಕಬಾರದು. ನೊರೆ ಬೆಳ್ಳಗೆ ಬರುವ ತನಕ ಎರಡು ಮೂರು ಸಲ. ಈ ತನಕ ಬೋರಿನ ನೀರು ನಡೆಯುತ್ತದೆ. ಕೊನೆಯ ನೀರು ಮಾತ್ರ ಫಿಲ್ಟರ್ ನೀರು. ಓಣಿಯ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನಲ್ಲಿ ಎರಡು ಲೀಟರ್ ತೆಗೆದಿಟ್ಟರೆ ನನ್ನ 18 ಬ್ರಷ್‌ಗೆ ಸಾಕು. ಕುಡಿಯುವ ನೀರಲ್ಲಿ ಬ್ರಷ್ ತೊಳೆಯುತ್ತಾಳೆ ಎಂದು ಯಜಮಾನರು ಗೊಣಗುತ್ತಾರೆ. ನಳ ಬಂದ ದಿನ ತೊಳೆದರೆ ಆ ಮಾತೂ ಇಲ್ಲ.

ಆಡಿನ ಕೂದಲಿನ ಬ್ರಷ್‌ಗೆ ಅಂಟುವಾಳ ಇನ್ನೂ ಒಳ್ಳೆಯದು. ನಾಲ್ಕು ಕಾಯಿ ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿದ ನೀರು. ರೇಷ್ಮೆ ಇಳಕಲ್ ಸೀರೆಯನ್ನು ನಮ್ಮ ಅವ್ವ ಇದರಲ್ಲೇ ಅದ್ದುತ್ತಿದ್ದಳು. ರೇಷ್ಮೆಯಾಗಲಿ ಆಡಿನ ಕೂದಲಾಗಲಿ, ಎರಡೂ ಪ್ರೋಟೀನೇ. ಎರಡಕ್ಕೂ ಸೋಡಾ, ಬಟ್ಟೆ ಪೌಡರ್ ಆಗಿಬರುವುದಿಲ್ಲ. ನೈಲಾನ್ ಬ್ರಷ್‌ಗೆ ಇಷ್ಟೆಲ್ಲ ಉಪಚಾರ ಬೇಕಿಲ್ಲ.

ಸ್ಪಂಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಳಸಿದ ಪ್ರತಿ ಸಲ ತೊಳೆಯಿರಿ, ಒಣಗದೆ ಪೌಚಿಗೆ ಹಾಕಬೇಡಿ, ಕಪ್ಪು ಚುಕ್ಕಿ ಕಂಡರೆ ಎಸೆಯಿರಿ. ಅದು ಬೂಷ್ಟು.

ಪುರವಣಿ ಬರಹದಲ್ಲಿ ಪೂರ್ತಿ ಬಿಟ್ಟುಹೋದದ್ದು ಕಣ್ಣಿನ ಬ್ರಷ್. ಇದರಲ್ಲಿ ತಪ್ಪು ನನ್ನದೇ ಇದೆ, ಬರೆದುಬಿಡುತ್ತೇನೆ. 2023ರ ಮಳೆಗಾಲದಲ್ಲಿ ರಾಜ್ಯದ ತುಂಬ ಕಣ್ಣು ಬಂದಿದ್ದು ನೆನಪಿರಬಹುದು. ಆಗಸ್ಟ್‌ನಲ್ಲಿ ಒಂದು ಕುಬಸದ ಕಾರ್ಯಕ್ಕೆ ಹೋಗಿದ್ದೆ. ಬಸುರಿಗೆ ಐಲೈನರ್ ಹಚ್ಚಿ ಮುಗಿಸಿದೆ. "ಅಕ್ಕಾರ, ನನಗೊಂದೀಟು ಹಚ್ಚರಿ" ಎಂದು ಅವಳ ತಂಗಿ ಕೂತಳು. ಅವಸರ ಬೇರೆ. ಅದೇ ಬ್ರಷ್‌ನಲ್ಲಿ ಅವಳಿಗೂ ಎಳೆದೆ. ಎರಡು ದಿನ ಬಿಟ್ಟು ಇಬ್ಬರ ಕಣ್ಣೂ ಕೆಂಪು. ಊರಿಗೆಲ್ಲ ಬಂದಿತ್ತು, ನನ್ನ ಬ್ರಷ್‌ನಿಂದಲೇ ಬಂತು ಎನ್ನಲಾಗದು ಎಂದು ಅವರ ಮನೆಯವರೇ ಸಮಾಧಾನ ಹೇಳಿದರು. ನನಗೆ ಆ ವಾರ ಊಟ ಸೇರಲಿಲ್ಲ. ಈಗ ಕಣ್ಣಿಗೆ ಬಳಸುವ ಬ್ರಷ್ ಒಬ್ಬರಿಗೆ ಒಂದು. ಮಸ್ಕಾರಕ್ಕೆ ಬಳಸಿ ಎಸೆಯುವ ಕಡ್ಡಿ. ಉಳಿದ ಬ್ರಷ್‌ಗಳನ್ನು ಒಬ್ಬರು ಎದ್ದು ಇನ್ನೊಬ್ಬರು ಕೂರುವುದರೊಳಗೆ ಬಟ್ಟೆಗೆ ಒರೆಸಿ 70 ಪರ್ಸೆಂಟ್ ಐಸೊಪ್ರೊಪೈಲ್ ಸ್ಪಿರಿಟ್ ಹೊಡೆಯುತ್ತೇನೆ. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. 99 ಪರ್ಸೆಂಟ್‌ನದು ಜೋರು ಎಂದು ಅದನ್ನು ತರಬೇಡಿ, ಅದು ಕ್ರಿಮಿ ಸಾಯುವ ಮುಂಚೆಯೇ ಆರಿಹೋಗುತ್ತದೆ. ಹೊಡೆದ ಮೇಲೆ ತಾನಾಗಿ ಒಣಗಲು ಬಿಡಬೇಕು, ಗ್ಯಾಸ್ ಒಲೆಯ ಹತ್ತಿರ ಮಾತ್ರ ಬೇಡ. ಸ್ಪಿರಿಟ್ ಹೊಡೆದೆ ಎಂದು ತೊಳೆಯುವುದನ್ನು ಬಿಡಲೂ ಆಗದು. ಕೂದಲೊಳಗಿನ ಎಣ್ಣೆ, ಪೌಡರ್ ಅಲ್ಲೇ ಇರುತ್ತದೆ.

ಇದು ಪಾರ್ಲರಿನವರಿಗಷ್ಟೇ ಅಲ್ಲ. ಮದುವೆ ಮನೆಯಲ್ಲಿ ಒಂದು ಕೋಣೆ, ಒಂದು ಕನ್ನಡಿ, ಒಂದೇ ಮೇಕಪ್ ಪೌಚ್, ಎಂಟು ಮಂದಿ ಹೆಣ್ಣುಮಕ್ಕಳು. ಬೇಡ ಎಂದರೆ ಬಿಗುಮಾನ ಎನ್ನುತ್ತಾರೆ. ಪೌಡರ್ ಬ್ರಷ್ ಕೊಟ್ಟರೂ ಕಾಡಿಗೆ, ಲೈನರ್ ಕೊಡಬೇಡಿ. ಬೈಸಿಕೊಂಡರೂ ಚಿಂತೆಯಿಲ್ಲ.

ಕೊನೆಗೆ ಒಂದು ವಿನಂತಿ. ಆ ಬರಹ ಮತ್ತೆ ಹಾಕುವುದಿದ್ದರೆ ಜೊತೆಗಿದ್ದ ಚಿತ್ರವನ್ನಾದರೂ ಬದಲಿಸಿ. ಒದ್ದೆ ಬ್ರಷ್‌ಗಳನ್ನು ಕೂದಲು ಮೇಲೆ ಮಾಡಿ ಗಾಜಿನ ಗ್ಲಾಸಿನಲ್ಲಿ ನಿಲ್ಲಿಸಿದ ಚಿತ್ರ ಅದು. ನೋಡಲು ಚೆಂದ. ಆದರೆ ನೀರು ಕೆಳಗಿಳಿದು ಕೂದಲು ಹಿಡಿದಿರುವ ತಗಡಿನ ಬಳೆಯೊಳಗೆ ಸೇರುತ್ತದೆ, ಅಂಟು ಬಿಡುತ್ತದೆ. ಬಿಸಿ ನೀರಾದರೆ ಇನ್ನೂ ಬೇಗ. ಟವೆಲಿನಲ್ಲಿ ಮೆಲ್ಲಗೆ ಹಿಂಡಿ, ಬೆರಳಿನಿಂದ ಆಕಾರ ತಿದ್ದಿ, ಮೇಜಿನ ಅಂಚಿನಲ್ಲಿ ಕೂದಲು ಹೊರಚಾಚುವಂತೆ ಮಲಗಿಸಬೇಕು. ನಮ್ಮ ಊರಿನ ಧೂಳಿಗೆ ಮೇಲೊಂದು ತೆಳ್ಳಗಿನ ಮಲ್‌ಮಲ್ ಬಟ್ಟೆ. ನಿಮ್ಮ ಚಿತ್ರ ನೋಡಿ ನಮ್ಮ ಓಣಿಯ ಕಾಲೇಜು ಹುಡುಗಿಯೊಬ್ಬಳು ಹಾಗೇ ನಿಲ್ಲಿಸಿ ಒಣಗಿಸಿದ್ದಾಳೆ. ನಿನ್ನೆ ಸಂಜೆ ಬಂದು ನನ್ನ ಮೇಜಿನ ಮೇಲೆ ಹಿಡಿಕೆ ಒಂದು ಕಡೆ, ಕೂದಲಿನ ಗೊಂಡೆ ಒಂದು ಕಡೆ ಇಟ್ಟು ಹೋದಳು. ಅಂಟು ಹಾಕಿ ನೋಡುತ್ತೇನೆ ಎಂದಿದ್ದೇನೆ. ನಿಲ್ಲುವ ಭರವಸೆ ನನಗಿಲ್ಲ.

ಇಂತಿ ನಿಮ್ಮ ಓದುಗಳು,
ಮನೆ ಪಾರ್ಲರಿನವಳು
(ಹೆಸರು ಹಾಕಬೇಡಿ, ಕುಬಸದ ಮನೆಯವರೂ ನಿಮ್ಮ ಪತ್ರಿಕೆಯನ್ನೇ ತರಿಸುತ್ತಾರೆ)
ಜಲನಗರ, ವಿಜಯಪುರ