‘ಮೊದಲೇ’ ಎಂಬ ಒಂದು ಮಾತು

ಪ್ರೀತಿಯ ಗೆಳೆಯಾ,

ನಿನ್ನ ಪ್ರಶ್ನೆಗೆ ಎಲ್ಲರೆದುರೇ ಉತ್ತರ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಇದನ್ನೇ ಬೇರೆ ಬೇರೆ ಮಾತಿನಲ್ಲಿ ಕೇಳುವವರು ಬಹಳ ಜನ ಇದ್ದಾರೆ. ನಮ್ಮಿಬ್ಬರ ಹಳೇ ತಮಾಷೆಯ ಆ ಆಮೆಯ ವಿಷಯ ಎತ್ತುವುದಿಲ್ಲ, ಆಣೆಗೂ.

ನೀನು ಕೇಳಿದ್ದು ಇಷ್ಟು: ಕಾಲವೂ ಒಂದು ಆಯಾಮ ಅಂದಮೇಲೆ ನಾಳೆ ಮೊದಲೇ ಇದೆ, ಐದನೇ ಆಯಾಮದಲ್ಲಿ ನಿಂತವನಿಗೆ ನಮ್ಮ ಹುಟ್ಟು ಸಾವು ಒಟ್ಟಿಗೇ ಕಾಣುತ್ತದೆ, ಹಾಗಾದರೆ ಹಣೆಬರಹ ನಿಜ ತಾನೆ?

ವಾದಕ್ಕೆ ಮುಂಚೆ ಒಂದು ಗ್ರಾಫ್ ಹಾಳೆ ತೆಗೆದುಕೋ. ಅಡ್ಡಗೆರೆ ದೂರಕ್ಕೆ, ನೆಟ್ಟಗೆರೆ ಕಾಲಕ್ಕೆ. ನೆಟ್ಟಗೆರೆಯಲ್ಲಿ ಒಂದು ಸೆಂಟಿಮೀಟರಿಗೆ ಒಂದು ಸೆಕೆಂಡು, ಅಡ್ಡಗೆರೆಯಲ್ಲಿ ಒಂದು ಸೆಂಟಿಮೀಟರಿಗೆ ಮೂರು ಲಕ್ಷ ಕಿಲೋಮೀಟರು. ಆಗ ಬೆಳಕಿನ ದಾರಿ ಸರಿಯಾಗಿ 45 ಡಿಗ್ರಿಯಲ್ಲಿ ಬರುತ್ತದೆ. ಸುಮ್ಮನೆ ಕೂತ ನಿನ್ನ ದಾರಿ ನೆಟ್ಟಗೆ ಮೇಲಕ್ಕೆ. ಬೆಳಕಿನ ಅರ್ಧ ವೇಗದಲ್ಲಿ ಬಲಕ್ಕೆ ಹೋಗುವವನದು ಎರಡು ಮೇಲೆ, ಒಂದು ಬಲಕ್ಕೆ. ಈಗ ಅವನ ‘ಈಗ’ದ ಗೆರೆ, ಅಂದರೆ ಅವನ ಲೆಕ್ಕಕ್ಕೆ ಒಂದೇ ಗಳಿಗೆಯಲ್ಲಿ ನಡೆಯುವ ಘಟನೆಗಳ ಗೆರೆ, ಎಳೆ. ಬಹಳ ಮಂದಿ ಎಡವುವುದು ಇಲ್ಲೇ. ಶಾಲೆಯ ಅಭ್ಯಾಸಬಲದಿಂದ ಅವನ ದಾರಿಗೆ ಲಂಬ ಎಳೆದುಬಿಡುತ್ತಾರೆ, ಆ ಗೆರೆ ಬಲಕ್ಕೆ ಇಳಿದುಹೋಗುತ್ತದೆ. ಐನ್‌ಸ್ಟೈನರ ಸಾಪೇಕ್ಷತೆಯ ಪ್ರಕಾರ ಸರಿಯಾದದ್ದು ಎರಡು ಬಲಕ್ಕೆ, ಒಂದು ಮೇಲಕ್ಕೆ: ಅದು ಏರಬೇಕು. ದೇಶಕಾಲದ, ಅಂದರೆ ಜಾಗ ಕಾಲ ಎರಡೂ ಸೇರಿದ ಒಂದೇ ಹಾಸಿನ, ಅಂತರ ಲೆಕ್ಕಹಾಕುವಾಗ ದೂರದ ವರ್ಗಕ್ಕೂ ಕಾಲದ ವರ್ಗಕ್ಕೂ ಚಿಹ್ನೆ ಬೇರೆ, ಒಂದು ಕೂಡಿದರೆ ಇನ್ನೊಂದು ಕಳೆಯುತ್ತದೆ. ಕಾಲ ಆಯಾಮ ಹೌದು, ಆದರೆ ಉದ್ದ ಅಗಲಗಳ ಜಾತಿಯದಲ್ಲ. 1908ರ ಸೆಪ್ಟೆಂಬರ್ 21ರಂದು ಕಲೋನ್‌ನಲ್ಲಿ ಗಣಿತಜ್ಞ ಮಿಂಕೋವ್ಸ್ಕಿ ದೇಶ ಕಾಲ ಎರಡನ್ನೂ ಒಂದಾಗಿಸಿ ಮಾತಾಡಿದಾಗಲೂ ಆ ಕಳೆಯುವ ಚಿಹ್ನೆ ಉಳಿದೇ ಇತ್ತು. ನಾಲ್ಕನೇ ಆಯಾಮದ ಕಥೆ ಹೇಳುವವರು ಮೊದಲು ಕೈಬಿಡುವುದು ಅದನ್ನೇ.

ಈಗ ಅಂಡ್ರೋಮಿಡಾ ಗೆಲಾಕ್ಸಿ. ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ. ಒಬ್ಬ ನಿಂತಿದ್ದಾನೆ, ಇನ್ನೊಬ್ಬ ಅವನ ಪಕ್ಕದಿಂದ ಗಂಟೆಗೆ ಐದು ಕಿಲೋಮೀಟರಿನಂತೆ ಅತ್ತ ನಡೆದಿದ್ದಾನೆ. ವೇಗವನ್ನು ಬೆಳಕಿನ ವೇಗದಿಂದ ಭಾಗಿಸಿ ದೂರದಿಂದ ಗುಣಿಸು: ಅಲ್ಲಿನ ‘ಈಗ’ ಇವರಿಬ್ಬರಿಗೆ ನಾಲ್ಕು ದಿನಕ್ಕೂ ತುಸು ಹೆಚ್ಚು ಬೇರೆ. ನಿಂತವನಿಗೆ ಇನ್ನೂ ಆಗದ್ದು ನಡೆಯುವವನಿಗೆ ಆಗಿಹೋಗಿದೆ. ಹಾಗಾದರೆ ಮುಂದಿನದೂ ನಿಜವಾಗಿ ಇದೆ ಎಂದು 1966ರಲ್ಲಿ ಭೌತವಿಜ್ಞಾನಿ ರೀಟ್‌ಡೈಕ್, 1967ರಲ್ಲಿ ತತ್ವಜ್ಞಾನಿ ಪಟ್ನಮ್ ವಾದಿಸಿದರು. 1968ರಲ್ಲಿ ಇನ್ನೊಬ್ಬ ತತ್ವಜ್ಞಾನಿ ಸ್ಟೈನ್ ತಡೆದರು: ಅಷ್ಟು ದೂರದ ‘ಈಗ’ಕ್ಕೆ ಭೌತಿಕ ಅರ್ಥವೇ ಇಲ್ಲ, ಅದು ಲೆಕ್ಕಕ್ಕೆಂದು ಎಳೆದ ಗೆರೆ. ನನಗೆ ಸ್ಟೈನ್ ಹೇಳಿದ್ದು ಹೆಚ್ಚು ಸರಿ ಅನ್ನಿಸುತ್ತದೆ. ಅಲ್ಲಿನ ಸುದ್ದಿ ಆ ಇಬ್ಬರಿಗೂ 25 ಲಕ್ಷ ವರ್ಷ ತಲುಪುವುದಿಲ್ಲ. ಸೂರ್ಯನ ಸುದ್ದಿಗೇ 8 ನಿಮಿಷ 20 ಸೆಕೆಂಡು ಬೇಕು.

ಐದನೇ ಆಯಾಮದ ಮಾತು ಬೇಗ ಮುಗಿಸುತ್ತೇನೆ. 1921ರಲ್ಲಿ ಗಣಿತಜ್ಞ ಕಲೂಜಾ, 1926ರಲ್ಲಿ ಭೌತವಿಜ್ಞಾನಿ ಕ್ಲೈನ್ ತಂದ ಐದನೆಯದು ಪರಮಾಣುವಿನ ಬೀಜಕ್ಕಿಂತ ಎಷ್ಟೋ ಪಟ್ಟು ಚಿಕ್ಕದಾಗಿ ಸುತ್ತಿಕೊಂಡ ದೇಶದ ಆಯಾಮ. ಹತ್ತಿ ನಿಂತು ಕಾಲವನ್ನು ನೋಡುವ ಮಾಳಿಗೆಯಲ್ಲ. ದೊಡ್ಡದಾಗಿದ್ದರೂ ತೊಡಕು ತಪ್ಪದು. ನೋಡುವುದೆಂದರೆ ಕಾಣದ್ದು ಕಾಣುವುದು, ಅದಕ್ಕೊಂದು ಹಿಂದು ಮುಂದು ಬೇಕು. ನಮ್ಮ ಕಾಲವನ್ನೆಲ್ಲ ಕೆಳಗೆ ಹಾಸಿಟ್ಟವನಿಗೆ ನೋಡಲು ಎರಡನೇ ಕಾಲ ಬೇಕು. ಕಾಲಗಳು ಎರಡಾದರೆ ಇಂದಿನ ಸ್ಥಿತಿಯಿಂದ ನಾಳೆಯನ್ನು ಲೆಕ್ಕಹಾಕುವ ಸಮೀಕರಣಗಳೇ ಕೈಕೊಡುತ್ತವೆ. ಭೌತವಿಜ್ಞಾನಿ ಟೆಗ್‌ಮಾರ್ಕ್ 1997ರಲ್ಲಿ ಇದನ್ನು ತೋರಿಸಿದ್ದಾರೆ. ವಿಧಿಯನ್ನು ಗಟ್ಟಿ ಮಾಡಲು ಹತ್ತಿದ ಏಣಿ ಭವಿಷ್ಯವನ್ನೇ ಕಲಕಿಬಿಡುತ್ತದೆ.

ಇನ್ನು ನಿನ್ನ ‘ಮೊದಲೇ’. ಇಡೀ ಗೊಂದಲ ಕೂತಿರುವುದು ಈ ಮೂರಕ್ಷರದಲ್ಲಿ. ಮೊದಲು, ಆಮೇಲೆ ಎಲ್ಲ ದೇಶಕಾಲದ ಒಳಗಿನ ಮಾತು. ಇಡೀ ದೇಶಕಾಲಕ್ಕೆ ‘ಮೊದಲು’ ಇಲ್ಲ. ನಾಳೆ ಇದೆ ಅನ್ನುವುದಾದರೆ ನಾಳೆಯಲ್ಲೇ ಇದೆ, ಇವತ್ತಿನಲ್ಲಿ ಅಲ್ಲ. ಹಣೆಬರಹಕ್ಕೆ ಬರೆದ ದಿನ ಒಂದು, ನಡೆಯುವ ದಿನ ಇನ್ನೊಂದು. ಇಲ್ಲಿ ಬರೆದ ದಿನವೇ ಇಲ್ಲ. ನಿನ್ನ ನಿರ್ಧಾರವೂ ದೇಶಕಾಲದ ಆ ಹಾಸಿನಲ್ಲಿ ಒಂದು ಎಳೆ, ಮುಂದಿನ ಎಳೆಗಳು ಅದಕ್ಕೆ ಕಟ್ಟಿಕೊಂಡಿವೆ. ಇರುವುದು ಬೇರೆ, ಮೊದಲಿನದರಿಂದ ಅನಿವಾರ್ಯವಾಗುವುದು ಬೇರೆ. ಕಾರ್ಬನ್-14ರ ಅರ್ಧಾಯುಷ್ಯ, ಅಂದರೆ ಅದರ ಪರಮಾಣುಗಳಲ್ಲಿ ಅರ್ಧದಷ್ಟು ಒಡೆಯಲು ಬೇಕಾದ ಕಾಲ, ಸುಮಾರು 5,730 ವರ್ಷ, ಆದರೆ ಇಗೋ ಈ ಒಂದು ಪರಮಾಣು ಯಾವಾಗ ಒಡೆಯುತ್ತದೆಂದು ಯಾವ ಸೂತ್ರವೂ ಹೇಳದು. ಅದು ಒಡೆಯುವ ಗಳಿಗೆಯೂ ಹಾಸಿನಲ್ಲಿ ಇರಬಹುದು, ಹಿಂದಿನ ಯಾವುದೂ ಅದನ್ನು ನಿಶ್ಚಯಿಸಿರಬೇಕಾಗಿಲ್ಲ. ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆ ಸೆರೆಮನೆಯಲ್ಲಿದ್ದ ತತ್ವಜ್ಞಾನಿ ಬೊಯೇಥಿಯಸ್ ದೇವರ ನೋಟದ ಬಗ್ಗೆ ಹೇಳಿದ್ದೂ ಇದಕ್ಕೆ ಹತ್ತಿರ: ನಡೆಯುವವನನ್ನು ನೋಡಿದರೆ ನೋಟ ಅವನನ್ನು ನಡೆಸಿದಂತಾಗುವುದಿಲ್ಲ.

ಇಲ್ಲಿಗೆ ನಿಲ್ಲಿಸಬೇಕೆಂದಿದ್ದೆ. ಆದರೆ ನಮ್ಮ ಭಾಷೆಯಲ್ಲಿ ‘ಬಂದೀತು’, ‘ಒಪ್ಪಿಯಾನು’ ಅನ್ನುವ ರೂಪ ಇದೆಯಲ್ಲ, ಆಗಲೂಬಹುದು ಆಗದೆಯೂ ಇರಬಹುದು ಎನ್ನುವುದು, ಅದಕ್ಕೆ ಈ ಹಾಸಿನಲ್ಲಿ ಜಾಗ ಸಿಗುತ್ತಿಲ್ಲ. ಅಲ್ಲಿರುವುದು ‘ಬರುತ್ತದೆ’, ‘ಒಪ್ಪುತ್ತಾನೆ’ ಅಷ್ಟೇ. ‘ಬಂದೀತು’ ಎಂದರೆ ನಮಗೆ ಗೊತ್ತಿಲ್ಲ ಎಂದಷ್ಟೇ ಅರ್ಥವಾದರೆ ‘ಹೇಳಬಹುದಿತ್ತು’ ಅನ್ನುವುದಕ್ಕೆ ಏನು ಉಳಿಯಿತು? ನಿಜ ಹೇಳುತ್ತೇನೆ. ಈ ವಿಷಯಕ್ಕೆ ನನ್ನನ್ನು ತಂದದ್ದು ಬರೀ ಕುತೂಹಲವಲ್ಲ. ಬೇರೆ ಥರ ಆಗುವಂತೆಯೇ ಇರಲಿಲ್ಲ ಅಂತ ಯಾರಾದರೂ ಗಣಿತದಲ್ಲಿ ತೋರಿಸಿಕೊಟ್ಟರೆ ಕ್ಷಮೆ ಸಿಕ್ಕಷ್ಟೇ ಹಗುರವಾಗುತ್ತಿತ್ತು. ಗಣಿತ ಅದನ್ನು ಕೊಡಲಿಲ್ಲ. ನನ್ನ ಆಯ್ಕೆ ಕಾರಣವಾಗಿತ್ತು ಎಂಬುದನ್ನು ಅದು ಅಳಿಸುವುದೇ ಇಲ್ಲ. ಕೊಟ್ಟದ್ದು ಬೇರೆ: ಎಲ್ಲ ಕ್ಷಣಗಳೂ ಸಮನಾಗಿ ಇದ್ದರೆ ಕಳೆದುಕೊಂಡವರು ಇಲ್ಲವಾಗಿಲ್ಲ, ತಮ್ಮ ಜಾಗದಲ್ಲಿ ಇದ್ದಾರೆ. ತಮ್ಮ ಆಪ್ತ ಗೆಳೆಯ ಬೆಸ್ಸೊ ತೀರಿಕೊಂಡಾಗ, 1955ರ ಮಾರ್ಚ್‌ನಲ್ಲಿ, ಐನ್‌ಸ್ಟೈನ್ ಆ ಮನೆಯವರಿಗೆ ಬರೆದ ಪತ್ರದಲ್ಲಿ ಹಿಂದು ಇಂದು ಮುಂದುಗಳ ಭೇದ ಬಿಡದೆ ಕಾಡುವ ಭ್ರಮೆ ಎಂದಿದ್ದರು. ತಿಂಗಳೊಳಗೆ ಅವರೂ ಹೋದರು. ಆ ಸಾಲು ನನಗೆ ಸಮಾಧಾನ ಕೊಡುವಷ್ಟೇ ಅಳುವನ್ನೂ ತರಿಸುತ್ತದೆ.

ಸಾಕು ಬಿಡು, ಪತ್ರ ಭಾರವಾಯಿತು. ನೀನು ಹಾಳೆ ಪೆನ್ಸಿಲ್ ತೆಗೆ, ಪೆನ್ ಬೇಡ. ‘ಈಗ’ದ ಗೆರೆ ಮೊದಲ ಸಲಕ್ಕೆ ಎಲ್ಲರದೂ ಕೆಳಗೇ ಇಳಿಯುತ್ತದೆ. ಎಳೆದು ಫೋಟೋ ಕಳಿಸು. ಮೂಲೆಯಲ್ಲಿ ಆಮೆ ಬರೆದಿದ್ದರೆ ಅಂಕ ಕಳೆಯುತ್ತೇನೆ.

ನಿನ್ನವ